ಕಂಪ್ಯೂಟರ್ ಸೈನ್ಸಾ, ಡೇಟಾ ಸೈನ್ಸಾ? ಆಪ್ಷನ್ ಎಂಟ್ರಿಗೆ ಮೊದಲು ಇಷ್ಟು ಮಾಡಿ

ಸಿಇಟಿ ರ‍್ಯಾಂಕ್ ಬಂದ ವಾರ ಗಂಗಾವತಿಯಲ್ಲಿ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಬಳ್ಳಾರಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುವಂತಿದೆ. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಡೇಟಾ ಸೈನ್ಸ್ ಸಿಗುವಂತಿದೆ. ಯಾವುದಕ್ಕೆ ಹೋಗಬೇಕು, ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ಬರೆಯುವಾಗ, ಯಾವುದನ್ನು ಮೇಲೆ ಹಾಕಬೇಕು? ನಾನು ಓದಿದ್ದು ಕಂಪ್ಯೂಟರ್ ಸೈನ್ಸ್, ದುಡಿಯುತ್ತಿರುವುದು ಡೇಟಾ ತಂಡದಲ್ಲಿ, ಅದೂ ಊರಲ್ಲೇ ಮನೆಯಿಂದ. ಹಾಗಾಗಿ ಎರಡರ ಒಳಗೂ ಏನಿದೆ ಅಂತ ಗೊತ್ತು. ಹೋದ ವರ್ಷ ಅಕ್ಕನ ಮಗಳ ಸರದಿ ಬಂತು. ಅವಳ ಜೊತೆ ಕೂತು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಬ್ರಾಂಚಿನ ಹೆಸರು ನೋಡಿ ಆರಿಸಬೇಡಿ. ಎರಡೂ ಕಡೆಯ ಸಿಲಬಸ್ ಓದಿ, ಪಾಠ ಮಾಡುವವರು ಯಾರು ಅಂತ ಕೇಳಿ, ಯಾವ ತರದ ಕೆಲಸದಲ್ಲಿ ನಿಮಗೆ ಹೊತ್ತು ಹೋಗಿದ್ದು ಗೊತ್ತಾಗುವುದಿಲ್ಲ ಅಂತ ನೋಡಿಕೊಳ್ಳಿ. ಈ ಮೂರನ್ನು ಮಾಡದೆ ಯಾರೋ ಹೇಳಿದರು ಅಂತ ನಾಲ್ಕು ವರ್ಷ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಎರಡು ಸಿಲಬಸ್, ಒಂದು ಕೆಂಪು ಪೆನ್ನು

ವಿಟಿಯು ವೆಬ್‌ಸೈಟಿನಲ್ಲಿ ಸ್ಕೀಮ್ ಮತ್ತು ಸಿಲಬಸ್ ಅಂತ ಒಂದು ಪುಟ ಇದೆ. ಅಲ್ಲಿ ಪ್ರತಿ ಬ್ರಾಂಚಿನ ಎಂಟೂ ಸೆಮಿಸ್ಟರ್‌ನ ವಿಷಯಗಳು ಸಿಗುತ್ತವೆ. ನೀವು ಸೇರುವ ವರ್ಷಕ್ಕೆ ಅನ್ವಯಿಸುವ ಸ್ಕೀಮನ್ನೇ ಇಳಿಸಿಕೊಳ್ಳಿ, ಹಳೆಯದು ಬೇಡ. ಖಾಸಗಿ ವಿಶ್ವವಿದ್ಯಾಲಯ ಮತ್ತು ಸ್ವಾಯತ್ತ ಕಾಲೇಜುಗಳು ತಮ್ಮದೇ ಸಿಲಬಸ್ ಮಾಡಿಕೊಳ್ಳುತ್ತವೆ. ಅವರ ವೆಬ್‌ಸೈಟಿನಲ್ಲಿ ಇಲ್ಲದಿದ್ದರೆ ಅಡ್ಮಿಷನ್ ಆಫೀಸಿಗೆ ಫೋನ್ ಮಾಡಿ, "ಪೂರ್ತಿ ಸಿಲಬಸ್ ಪುಸ್ತಕ ಕಳಿಸಿ" ಅಂತ ಕೇಳಿ. ಬಣ್ಣದ ಬ್ರೋಷರ್ ಕಳಿಸಿದರೆ ಅದು ಸಾಲದು, ಮತ್ತೆ ಕೇಳಿ. ಸಿಲಬಸ್ ಕೊಡಲು ಹಿಂದೆಮುಂದೆ ನೋಡುವ ಕಡೆ ನಾನಂತೂ ನಮ್ಮ ಮನೆಯ ಮಗುವನ್ನು ಕಳಿಸುವುದಿಲ್ಲ.

ಅಕ್ಕನ ಮಗಳು ಎರಡರ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟಳು. ಎರಡರಲ್ಲೂ ಇರುವ ವಿಷಯಕ್ಕೆ ಕೆಂಪು ಗೆರೆ ಹೊಡೆಯುತ್ತಾ ಹೋದಳು. ಸಿ ಭಾಷೆ, ಪೈಥಾನ್, ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್, ಅಲ್ಗಾರಿದಮ್ಸ್, ಡೇಟಾಬೇಸ್, ಎಲ್ಲಾ ಎರಡೂ ಕಡೆ ಇತ್ತು. ಮೊದಲ ಎರಡು ವರ್ಷದಲ್ಲಿ ಗೆರೆ ಬೀಳದೆ ಉಳಿದದ್ದು ತೀರಾ ಕಡಿಮೆ. ಅವಳೇ ಕೇಳಿದಳು, "ಚಿಗವ್ವಾ, ಹಂಗಾದ್ರೆ ಅರ್ಧ ಡಿಗ್ರಿ ಒಂದೇನಾ?" ಹೌದು, ಬಹುತೇಕ ಕಡೆ ಹಾಗೇ ಇರುತ್ತದೆ.

ವ್ಯತ್ಯಾಸ ಕಾಣುವುದು ಮೂರನೇ ವರ್ಷದಿಂದ. ಕಂಪ್ಯೂಟರ್ ಸೈನ್ಸ್‌ನಲ್ಲಿ ಯಂತ್ರದ ಒಳಗಿನ ಕೆಲಸ ಜಾಸ್ತಿ. ಕಂಪ್ಯೂಟರ್ ನೆಟ್‌ವರ್ಕ್ಸ್, ಥಿಯರಿ ಆಫ್ ಕಂಪ್ಯುಟೇಷನ್, ಕಂಪೈಲರ್, ಕ್ಲೌಡ್, ಕ್ರಿಪ್ಟೋಗ್ರಫಿ ಬರುತ್ತವೆ. ಡೇಟಾ ಸೈನ್ಸ್‌ನಲ್ಲಿ ಸಂಖ್ಯೆಗಳಿಂದ ಅರ್ಥ ತೆಗೆಯುವ ಕೆಲಸ ಜಾಸ್ತಿ. ಪ್ರಾಬಬಿಲಿಟಿ, ಸ್ಟ್ಯಾಟಿಸ್ಟಿಕ್ಸ್, ಲೀನಿಯರ್ ಆಲ್ಜೀಬ್ರಾ, ಮಷೀನ್ ಲರ್ನಿಂಗ್, ಬಿಗ್ ಡೇಟಾ, ವಿಷುವಲೈಸೇಷನ್ ಬರುತ್ತವೆ. ಆದರೆ ಈ ಗೆರೆಯೂ ಅಷ್ಟು ಗಟ್ಟಿ ಇಲ್ಲ. ವಿಟಿಯುದ 2022ರ ಸ್ಕೀಮಿನಲ್ಲಿ ಕಂಪ್ಯೂಟರ್ ಸೈನ್ಸ್‌ನವರೂ ಆರನೇ ಸೆಮಿಸ್ಟರ್‌ನಲ್ಲಿ ಮಷೀನ್ ಲರ್ನಿಂಗ್ ಓದುತ್ತಾರೆ.

ಇಲ್ಲಿ ಒಂದು ವಿಷಯ ಮಾತ್ರ ತಪ್ಪದೆ ನೋಡಿ. ಡೇಟಾ ಸೈನ್ಸ್ ಸಿಲಬಸ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಷ್ಟು ಪೇಪರ್ ಇದೆ? ಒಂದೇ ಒಂದು ಗಣಿತ ಪೇಪರ್‌ನಲ್ಲಿ ಪ್ರಾಬಬಿಲಿಟಿ, ಸ್ಯಾಂಪ್ಲಿಂಗ್, ಹೈಪಾಥಿಸಿಸ್ ಟೆಸ್ಟಿಂಗ್ ಎಲ್ಲಾ ತುರುಕಿ ಮುಗಿಸಿದ್ದರೆ ಅದು ಹೊಸ ಬೋರ್ಡು ಹಾಕಿದ ಕಂಪ್ಯೂಟರ್ ಸೈನ್ಸ್ ಅಷ್ಟೇ. ಎರಡೋ ಮೂರೋ ಪೇಪರ್ ಇದ್ದು, ಜೊತೆಗೆ ಲೀನಿಯರ್ ಆಲ್ಜೀಬ್ರಾ ಬೇರೆ ಇದ್ದು, ಟೈಮ್ ಸೀರೀಸ್ ತರದ ವಿಷಯಕ್ಕೆ ಲ್ಯಾಬ್ ಕೂಡ ಇದ್ದರೆ ಅಲ್ಲಿ ಯಾರೋ ಕೂತು ಯೋಚನೆ ಮಾಡಿ ಸಿಲಬಸ್ ಮಾಡಿದ್ದಾರೆ ಅಂತ ಅರ್ಥ. ನಾವು ನೋಡಿದ ಖಾಸಗಿ ವಿಶ್ವವಿದ್ಯಾಲಯದ ಪುಸ್ತಕದಲ್ಲಿ ಒಂದೇ ಪೇಪರ್ ಇತ್ತು. ಟೂಲ್‌ಗಳ ಹೆಸರು ಮಾತ್ರ ಪುಟದ ತುಂಬಾ ಇದ್ದವು. ಟೂಲ್ ನಾಲ್ಕು ವರ್ಷದಲ್ಲಿ ಬದಲಾಗುತ್ತದೆ. ವೇರಿಯನ್ಸ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಅಂದರೇನು ಅನ್ನುವುದು ಬದಲಾಗುವುದಿಲ್ಲ.

ಮನೆಯಲ್ಲೇ ಮಾಡುವ ಎರಡು ಪರೀಕ್ಷೆ

ಯಾವ ಕೌನ್ಸೆಲಿಂಗ್‌ಗಿಂತಲೂ ಇದು ಹೆಚ್ಚು ಹೇಳುತ್ತದೆ ಅಂತ ನನ್ನ ನಂಬಿಕೆ. ಎರಡು ವಾರಾಂತ್ಯ ಸಾಕು. ಪೈಥಾನ್ ಸ್ವಲ್ಪ ಬಂದರೆ ಒಳ್ಳೆಯದು. ಬರದಿದ್ದರೂ ಹಾಳೆ ಮತ್ತು ಗೂಗಲ್ ಶೀಟ್ ನಡೆಯುತ್ತದೆ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಫೋನಿನ ಬ್ರೌಸರ್‌ನಲ್ಲೇ ಗೂಗಲ್ ಕೋಲ್ಯಾಬ್ ತೆರೆದು ಪೈಥಾನ್ ಬರೆಯಬಹುದು, ಹಣ ಕೊಡಬೇಕಾಗಿಲ್ಲ.

ಮೊದಲನೆಯದು ರೈಸ್ ಮಿಲ್ಲಿನದು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯವರಿಗೆ ಸುಗ್ಗಿಯಲ್ಲಿ ಮಿಲ್ಲಿನ ಮುಂದೆ ನಿಲ್ಲುವ ಟ್ರ್ಯಾಕ್ಟರ್ ಸಾಲು ಗೊತ್ತೇ ಇದೆ. ಟೋಕನ್ ಕೊಟ್ಟು, ಭತ್ತದ ತೇವಾಂಶ ನೋಡಿ, ಕಾಟಾದ ಮೇಲೆ ತೂಕ ಮಾಡಿ, ಚೀಟಿ ಕೊಡುವ ಒಂದು ಸಣ್ಣ ಪ್ರೋಗ್ರಾಮ್ ಯೋಚಿಸಿ. ಮೊದಲು ಬಂದವರಿಗೆ ಮೊದಲು ಅನ್ನುವುದು ಸುಲಭ. ಈಗ ತೊಡಕು ಹಾಕುತ್ತಾ ಹೋಗಿ. ಒಬ್ಬರು ಸಾಲು ಬಿಟ್ಟು ಚಹಾ ಕುಡಿಯಲು ಹೋದರು, ಅವರ ಟೋಕನ್ ಏನಾಗಬೇಕು? ಎರಡು ಕಾಟಾ ಇವೆ, ಇಬ್ಬರು ಗುಮಾಸ್ತರು ಒಂದೇ ಕ್ಷಣಕ್ಕೆ ಒಂದೇ ಟೋಕನ್ ಕರೆದರೆ? ತೂಕ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಅರ್ಧ ಬರೆದ ಲೆಕ್ಕ ಎಲ್ಲಿ ಉಳಿಯುತ್ತದೆ? ಈ ಪ್ರಶ್ನೆಗಳು ಸುಮ್ನೆ ಹುಟ್ಟಿಸಿದ್ದಲ್ಲ. ಮೊದಲನೆಯದು ಡೇಟಾ ಸ್ಟ್ರಕ್ಚರ್ಸ್, ಎರಡನೆಯದು ಆಪರೇಟಿಂಗ್ ಸಿಸ್ಟಮ್, ಮೂರನೆಯದು ಡೇಟಾಬೇಸ್. "ಇದನ್ನು ಕೆಡದ ಹಾಗೆ ಹೇಗೆ ಕಟ್ಟಲಿ" ಅಂತ ರಾತ್ರಿ ಊಟಕ್ಕೆ ಕರೆದರೂ ಏಳದೆ ಕೂತರೆ ಆ ಮಗು ಕಂಪ್ಯೂಟರ್ ಸೈನ್ಸ್ ಕಡೆಯದು.

ಎರಡನೆಯದು ತುಂಗಭದ್ರಾ ಡ್ಯಾಮಿನದು. ಜಲಾಶಯದ ನೀರಿನ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು ದಿನಾ ಪ್ರಕಟವಾಗುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಇದನ್ನು ಕೊಡುತ್ತದೆ, ನಮ್ಮ ಪೇಪರ್‌ಗಳಲ್ಲೂ ಬರುತ್ತದೆ. 2024ರ ಜುಲೈ ಮತ್ತು ಆಗಸ್ಟ್ ತಿಂಗಳ ಅಂಕಿಗಳನ್ನು ಒಂದು ಶೀಟಿಗೆ ಹಾಕಿ, ಗ್ರಾಫ್ ಎಳೆಯಿರಿ. ಆಗಸ್ಟ್ ಎರಡನೇ ವಾರ ಬಂದಾಗ ಹೊರಹರಿವಿನ ಗೆರೆ ಒಮ್ಮೆಲೇ ಮೇಲೆ ಹಾರುತ್ತದೆ, ಸಂಗ್ರಹ ಇಳಿಯಲು ಶುರುವಾಗುತ್ತದೆ. ಅಂಕಿ ಮಾತ್ರ ನೋಡಿದವರಿಗೆ ಇದು ಟೈಪಿಂಗ್ ತಪ್ಪು ಅನ್ನಿಸಬಹುದು. ನಮಗೆ ಗೊತ್ತು: ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಡ್ಯಾಮಿಗಿರುವ 33 ಗೇಟುಗಳಲ್ಲಿ ಆ ಒಂದರ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಟ್ಟರು. ಗ್ರಾಫಿನ ಆ ಏರಿನ ಹಿಂದೆ ನಮ್ಮ ರೈತರ ಎರಡನೇ ಬೆಳೆಯ ಚಿಂತೆ ಇತ್ತು.

ಈಗ ಮುಂದಿನ ಹೆಜ್ಜೆ. ಕ್ಯುಸೆಕ್ಸ್ ಅಂದರೆ ಸೆಕೆಂಡಿಗೆ ಹರಿಯುವ ಘನ ಅಡಿ, ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯುಸೆಕ್ಸ್ ಒಂದು ಇಡೀ ದಿನ ಹರಿದರೆ ಸುಮಾರು 8.64 ಟಿಎಂಸಿ ಆಗುತ್ತದೆ. ಹೇಗೆ ಅಂದರೆ ದಿನಕ್ಕೆ 86,400 ಸೆಕೆಂಡು, ಅದನ್ನು ಒಂದು ಲಕ್ಷದಿಂದ ಗುಣಿಸಿ. ಹಾಗಾದರೆ ಒಂದು ದಿನ ಹೊರಹರಿವು ಒಂದು ಲಕ್ಷ, ಒಳಹರಿವು 30 ಸಾವಿರ ಇದ್ದರೆ ಸಂಗ್ರಹ ಸುಮಾರು 6 ಟಿಎಂಸಿ ಇಳಿದಿರಬೇಕು. ನಿಮ್ಮ ಶೀಟಿನ ಪ್ರತಿ ದಿನಕ್ಕೂ ಈ ಲೆಕ್ಕ ಮಾಡಿ, ತಾಳೆ ಆಗುತ್ತದಾ ನೋಡಿ. ಕೆಲವು ದಿನ ಆಗುವುದಿಲ್ಲ. ಯಾಕೆ? ಬೆಳಿಗ್ಗೆ ಅಳೆದ ಹರಿವನ್ನು ಇಡೀ ದಿನದ್ದು ಅಂತ ತಿಳಿದೆವಾ? ಕಾಲುವೆಗೆ ಬಿಟ್ಟದ್ದು ಹೊರಹರಿವಿನಲ್ಲಿ ಸೇರಿದೆಯಾ? ಅಷ್ಟಕ್ಕೂ ಒಳಹರಿವನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ಸಂಗ್ರಹದ ಏರಿಳಿತ ಮತ್ತು ಹೊರಹರಿವಿನಿಂದ ಲೆಕ್ಕ ಹಾಕುತ್ತಾರೆ. ಹಾಗಿದ್ದರೆ ನಾವು ತಾಳೆ ನೋಡುತ್ತಿರುವುದು ಏನನ್ನು?

ಡೇಟಾ ಕೆಲಸ ಅಂದರೆ ನಿಜಕ್ಕೂ ಇದೇ. ನನ್ನ ಕೆಲಸದಲ್ಲೂ ಹೆಚ್ಚು ಹೊತ್ತು ಹೋಗುವುದು ತಾಳೆ ಆಗದ ಅಂಕಿಯ ಬೆನ್ನು ಹತ್ತುವುದರಲ್ಲಿ. ಮಾಡೆಲ್ ಕಟ್ಟುವ ದಿನಗಳು ಕಡಿಮೆ. ಅಕ್ಕನ ಮಗಳು ಮಿಲ್ಲಿನ ಪ್ರೋಗ್ರಾಮ್ ಅಚ್ಚುಕಟ್ಟಾಗಿ ಮುಗಿಸಿ ಎದ್ದಳು. ಡ್ಯಾಮಿನ ಶೀಟ್ ಮಾತ್ರ ಬಿಡಲಿಲ್ಲ. ಹಿಂದಿನ ವರ್ಷಗಳ ಅಂಕಿ ಹುಡುಕಿ ತಂದು ಜೋಡಿಸಿದಳು. ಅದನ್ನು ನೋಡಿ ನನಗೆ ಅವಳ ಒಲವು ಎತ್ತ ಅಂತ ತಿಳಿಯಿತು.

ಇದರ ಜೊತೆ ಇನ್ನೊಂದು ಸಣ್ಣ ಕೆಲಸ ಮಾಡಿ. ಸೆಕೆಂಡ್ ಪಿಯು ಗಣಿತದ 13ನೇ ಅಧ್ಯಾಯ ಪ್ರಾಬಬಿಲಿಟಿ. ಕೊನೆಯ ಅಧ್ಯಾಯ ಅಂತ ಎಷ್ಟೋ ಮಕ್ಕಳು ಓಡಿಸಿಬಿಡುತ್ತಾರೆ. ಅದರಲ್ಲಿ ಬೇಯ್ಸ್ ಪ್ರಮೇಯದ ಲೆಕ್ಕಗಳನ್ನು ಮತ್ತೆ ಮಾಡಿ ನೋಡಿ. ಕಷ್ಟ ಆದರೆ ಚಿಂತೆ ಇಲ್ಲ. ಬೇಸರ ಬಂದರೆ ಮಾತ್ರ ಯೋಚಿಸಿ, ಯಾಕೆಂದರೆ ಡೇಟಾ ಸೈನ್ಸ್‌ನಲ್ಲಿ ಮುಂದೆ ಇದೇ ಇರುತ್ತದೆ.

ಯಾವ ವಿಶ್ವವಿದ್ಯಾಲಯ

ವಿಟಿಯು 1998ರಲ್ಲಿ ಶುರುವಾಗಿದ್ದು. ಬಳ್ಳಾರಿಯ ಆರ್‌ವೈಎಂಇಸಿ 1980ರಿಂದ, ಬಿಐಟಿಎಂ 1997ರಿಂದ ನಡೆದು ಬಂದ ಕಾಲೇಜುಗಳು. ಕೊಪ್ಪಳ ಜಿಲ್ಲೆಯಲ್ಲಿ ತಳಕಲ್ ಮತ್ತು ಗಂಗಾವತಿಯಲ್ಲಿ, ರಾಯಚೂರಿನಲ್ಲಿ ಯರಮರಸ್‌ನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ವಿಟಿಯು ಅಡಿಯ ಕಾಲೇಜಿನಲ್ಲಿ ಸಿಲಬಸ್ ಮತ್ತು ಪ್ರಶ್ನೆಪತ್ರಿಕೆ ಹೊರಗಿನಿಂದ ಬರುತ್ತದೆ. ಸ್ವಾಯತ್ತ ಕಾಲೇಜಿನಲ್ಲಿ ಸಿಲಬಸ್ ಅವರದು, ಡಿಗ್ರಿ ವಿಟಿಯುದು. ಖಾಸಗಿ ವಿಶ್ವವಿದ್ಯಾಲಯದಲ್ಲಿ ಸಿಲಬಸ್, ಪರೀಕ್ಷೆ, ಡಿಗ್ರಿ ಎಲ್ಲವೂ ಅವರದೇ. ಒಳ್ಳೆಯವರ ಕೈಯಲ್ಲಿ ಈ ಸ್ವಾತಂತ್ರ್ಯದಿಂದ ತುಂಬಾ ಒಳ್ಳೆಯ ಡೇಟಾ ಸೈನ್ಸ್ ಕೋರ್ಸ್ ಆಗುತ್ತದೆ. ಅಸಡ್ಡೆ ಮಾಡುವವರ ಕೈಯಲ್ಲಿ ಮಕ್ಕಳಿಗೆ ಕೇಳುವವರೇ ಇರುವುದಿಲ್ಲ. ಅದಕ್ಕೇ ಖಾಸಗಿ ವಿಶ್ವವಿದ್ಯಾಲಯ ಅಂದರೆ ಒಂದು ಪಟ್ಟು ಜಾಸ್ತಿ ವಿಚಾರಿಸಿ.

ವಿಚಾರಿಸುವುದು ಅಡ್ಮಿಷನ್ ಕೌಂಟರ್‌ನಲ್ಲಿ ಬೇಡ. ಕ್ಲಾಸ್ ನಡೆಯುವ ದಿನ ಹೋಗಿ, ಕ್ಯಾಂಟೀನ್‌ನಲ್ಲಿ ಕೂತ ಮೂರನೇ ವರ್ಷದ ಮಕ್ಕಳನ್ನು ಮಾತಾಡಿಸಿ. ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವವರು ಯಾರು, ಅವರು ಆ ವಿಷಯವನ್ನೇ ಓದಿದವರಾ ಅಂತ ಕೇಳಿ. ಮಧ್ಯದಲ್ಲಿ ಎಷ್ಟು ಮೇಷ್ಟ್ರು ಬಿಟ್ಟು ಹೋದರು ಅಂತ ಕೇಳಿ. ಪ್ರಾಜೆಕ್ಟನ್ನು ಮಕ್ಕಳೇ ಮಾಡುತ್ತಾರಾ, ದುಡ್ಡು ಕೊಟ್ಟು ತರುತ್ತಾರಾ ಅಂತಲೂ ಕೇಳಿ. ಮಕ್ಕಳು ಇದ್ದದ್ದು ಇದ್ದಂಗೆ ಹೇಳುತ್ತಾರೆ.

ಮಾನ್ಯತೆಯ ವಿಷಯದಲ್ಲಿ ಒಂದು ಗೊಂದಲ ಇದೆ. ನ್ಯಾಕ್, ಎನ್‌ಬಿಎ ಎರಡೂ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಸಂಸ್ಥೆಗಳು. ನ್ಯಾಕ್ ಗ್ರೇಡ್ ಇಡೀ ಸಂಸ್ಥೆಗೆ. ಎನ್‌ಬಿಎ ಮಾನ್ಯತೆ ಒಂದೊಂದು ಬ್ರಾಂಚಿಗೆ, ಅದೂ ಕನಿಷ್ಠ ಎರಡು ಬ್ಯಾಚ್ ಓದಿ ಹೊರಬಂದ ಮೇಲೆ ಕೊಡುವಂಥದ್ದು. ನಮ್ಮ ರಾಜ್ಯದಲ್ಲಿ ಡೇಟಾ ಸೈನ್ಸ್ ಬ್ರಾಂಚುಗಳು ಹೆಚ್ಚಾಗಿ 2020ರ ಆಚೆಗೆ ಬಂದವು. ಹಾಗಾಗಿ ಕಾಲೇಜಿನ ಗೇಟಿನ ಮೇಲೆ ಎನ್‌ಬಿಎ ಅಂತ ಬರೆದಿದ್ದರೆ ಅದು ಡೇಟಾ ಸೈನ್ಸ್‌ಗೂ ಸಿಕ್ಕಿದೆಯಾ, ಬರೀ ಕಂಪ್ಯೂಟರ್ ಸೈನ್ಸ್‌ಗೆ ಸಿಕ್ಕಿದ್ದಾ ಅಂತ ಬಿಡಿಸಿ ಕೇಳಿ.

ಜೆಇಇ ಮೇನ್ ಬರೆದವರು ನಮ್ಮ ರಾಯಚೂರಿನ ಐಐಐಟಿಯನ್ನು ಮರೆಯಬೇಡಿ. 2019ರಲ್ಲಿ ಶುರುವಾದ ಸಂಸ್ಥೆ, 2020ರ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಸ್ಥಾನ ಸಿಕ್ಕಿದೆ. ಕಂಪ್ಯೂಟರ್ ಸೈನ್ಸೂ ಇದೆ, ಎಐ ಮತ್ತು ಡೇಟಾ ಸೈನ್ಸೂ ಇದೆ. ಸೀಟು ಜೋಸಾ (ಐಐಟಿ, ಎನ್‌ಐಟಿ, ಐಐಐಟಿಗಳ ಸೀಟು ಹಂಚುವ ಕೇಂದ್ರದ ವ್ಯವಸ್ಥೆ) ಮೂಲಕ ಸಿಗುತ್ತದೆ, ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಅಲ್ಲ.

ಇನ್ನೊಂದು ದಾರಿ ಇದೆ, ನಮ್ಮ ಕಡೆ ಇದರ ಬಗ್ಗೆ ಮಾತಾಡುವವರು ಕಡಿಮೆ. ಐಐಟಿ ಮದ್ರಾಸ್ 2020ರಿಂದ ಡೇಟಾ ಸೈನ್ಸ್‌ನಲ್ಲಿ ಆನ್‌ಲೈನ್ ಡಿಗ್ರಿ ಕೊಡುತ್ತಿದೆ. ಪಾಠ ಮನೆಯಿಂದ, ಪರೀಕ್ಷೆ ಕೇಂದ್ರಕ್ಕೆ ಹೋಗಿ ಬರೆಯಬೇಕು. ಜೆಇಇ ಬೇಕಾಗಿಲ್ಲ, ಅವರದೇ ಅರ್ಹತಾ ಹಂತ ದಾಟಬೇಕು. ಒಂದೇ ಕಾಲಕ್ಕೆ ಎರಡು ಡಿಗ್ರಿ ಓದಲು ಯುಜಿಸಿ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಹಾಗಾಗಿ ಬಳ್ಳಾರಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಾ ಇದನ್ನೂ ಮಾಡಬಹುದು. ಸುಲಭ ಅಂತ ಹೇಳುವುದಿಲ್ಲ. ವಾರಾಂತ್ಯ ಎಲ್ಲಾ ಅದಕ್ಕೇ ಹೋಗುತ್ತದೆ.

ಕೆಲಸದ ಮಾತು

ಭಾವ ಕೇಳಿದ್ದು ಇದನ್ನೇ. "ಎಲ್ಲಾರೂ ಡೇಟಾ ಸೈನ್ಸ್‌ಗೇ ಡಿಮ್ಯಾಂಡ್ ಅಂತಾರಲ್ಲವ್ವಾ?" ಡಿಮ್ಯಾಂಡ್ ಇರುವುದು ಕೆಲಸಕ್ಕೆ. ಆ ಕೆಲಸಕ್ಕೆ ತಗೊಳ್ಳುವಾಗ ಡಿಗ್ರಿಯ ಮೇಲಿನ ಹೆಸರು ಅಷ್ಟು ಮುಖ್ಯ ಆಗುವುದಿಲ್ಲ. ಕ್ಯಾಂಪಸ್‌ಗೆ ಬರುವ ಸಾಫ್ಟ್‌ವೇರ್ ಕಂಪನಿಗಳು ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್, ಡೇಟಾ ಸೈನ್ಸ್ ಮಕ್ಕಳನ್ನು ಸಾಮಾನ್ಯವಾಗಿ ಒಂದೇ ಪರೀಕ್ಷೆಗೆ ಕೂರಿಸುತ್ತವೆ. ಡೇಟಾ ಸೈಂಟಿಸ್ಟ್ ಅನ್ನುವ ಹುದ್ದೆಗೆ ಎಷ್ಟೋ ಕಡೆ ಎಂಟೆಕ್ ಅಥವಾ ಕೆಲವು ವರ್ಷದ ಅನುಭವ ಕೇಳುತ್ತಾರೆ. ಹೊಸಬರು ಅನಾಲಿಸ್ಟ್ ಆಗಿಯೋ, ಡೇಟಾ ಎಂಜಿನಿಯರ್ ಆಗಿಯೋ ಶುರು ಮಾಡುತ್ತಾರೆ.

ಪ್ಲೇಸ್‌ಮೆಂಟ್ ವಿಚಾರಿಸುವಾಗ ಅತಿ ಹೆಚ್ಚು ಪ್ಯಾಕೇಜ್ ಎಷ್ಟು ಅಂತ ಕೇಳಬೇಡಿ. ಅದು ಒಬ್ಬರದು. ಆ ಬ್ರಾಂಚಿನಲ್ಲಿ ಎಷ್ಟು ಮಂದಿ ಇದ್ದರು, ಎಷ್ಟು ಮಂದಿಗೆ ಸಿಕ್ಕಿತು, ಸಂಬಳದ ಸಾಲಿನಲ್ಲಿ ನಡುವೆ ನಿಂತ ಹುಡುಗನಿಗೆ ಎಷ್ಟು ಸಿಕ್ಕಿತು ಅಂತ ಕೇಳಿ. ಮುಂದೆ ಎಂಟೆಕ್ ಯೋಚನೆ ಇದ್ದರೆ ಗೇಟ್ ಪರೀಕ್ಷೆಯಲ್ಲಿ 2024ರಿಂದ ಡೇಟಾ ಸೈನ್ಸ್ ಮತ್ತು ಎಐ ಅಂತ ಬೇರೆ ಪೇಪರ್ ಬಂದಿದೆ. ಕಂಪ್ಯೂಟರ್ ಸೈನ್ಸ್ ಓದಿದವರೂ ಅದನ್ನು ಬರೆಯಬಹುದು. ಸರ್ಕಾರಿ ಕೆಲಸದ ಕಡೆ ಕಣ್ಣಿದ್ದರೆ ಹಳೆಯ ನೇಮಕಾತಿ ಪ್ರಕಟಣೆಗಳನ್ನು ತೆಗೆದು, ಯಾವ ಡಿಗ್ರಿಯ ಹೆಸರು ಬರೆದಿದ್ದಾರೆ ನೋಡಿ. ಅಲ್ಲಿ ಕಂಪ್ಯೂಟರ್ ಸೈನ್ಸ್ ಅನ್ನುವ ಹಳೆಯ ಹೆಸರಿಗೆ ತೊಂದರೆ ಬರುವುದು ಕಡಿಮೆ.

ಇಷ್ಟೆಲ್ಲಾ ಆದ ಮೇಲೂ ಮನಸ್ಸು ಒಂದು ಕಡೆ ನಿಲ್ಲದಿದ್ದರೆ ಕಂಪ್ಯೂಟರ್ ಸೈನ್ಸ್ ತಗೊಳ್ಳಿ ಅಂತಲೇ ನಾನು ಹೇಳುವುದು. ಅಲ್ಲಿಂದ ಡೇಟಾ ಕಡೆ ಬರುವುದು ಸಲೀಸು. ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠದ ತಾಣದಲ್ಲಿ ಐಐಟಿ ಮೇಷ್ಟ್ರುಗಳ ಸ್ಟ್ಯಾಟಿಸ್ಟಿಕ್ಸ್ ಪಾಠ ಪುಕ್ಕಟೆ ಇದೆ. ಆದರೆ ಡ್ಯಾಮಿನ ಪರೀಕ್ಷೆಯಲ್ಲಿ ಮಗು ಮುಳುಗಿಹೋಯಿತು, ಡೇಟಾ ಸೈನ್ಸ್ ಸಿಲಬಸ್‌ನಲ್ಲಿ ಗಣಿತ ಗಟ್ಟಿ ಇದೆ, ಪಾಠ ಮಾಡುವವರಿದ್ದಾರೆ ಅಂದರೆ ಹಿಂಜರಿಯಬೇಡಿ, ಡೇಟಾ ಸೈನ್ಸ್‌ಗೇ ಕಳಿಸಿ.

ಕಾಗದ ಪತ್ರ, ಸೀಟು, ಹಣ

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 ಜೆ ವಿಧಿ ನಮ್ಮ ಮಕ್ಕಳ ಹಕ್ಕು. ನಮ್ಮ ಭಾಗದ ಕಾಲೇಜುಗಳಲ್ಲಿ ಸರ್ಕಾರಿ ಸೀಟುಗಳಲ್ಲಿ 70%, ಉಳಿದ ಕರ್ನಾಟಕದಲ್ಲಿ 8% ಸ್ಥಳೀಯರಿಗೆ ಮೀಸಲು. ಇದಕ್ಕೆ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪತ್ರ ಬೇಕು. ಪಿಯು ಪರೀಕ್ಷೆಗೆ ಮೊದಲೇ ಅರ್ಜಿ ಹಾಕಿ, ಜೂನ್‌ನಲ್ಲಿ ಜನ ಜಾಸ್ತಿ. ಮನೆಯ ವರ್ಷದ ಆದಾಯ 8 ಲಕ್ಷದ ಒಳಗಿದ್ದರೆ ಸೂಪರ್‌ನ್ಯೂಮರರಿ ಕೋಟಾ (ನಿಗದಿತ ಸೀಟುಗಳ ಮೇಲೆ ಕೊಡುವ ಹೆಚ್ಚುವರಿ ಸೀಟು) ಕೇಳಿ. ಅದರಲ್ಲಿ ಬೋಧನಾ ಶುಲ್ಕ ಮಾಫಿ. ಬೆಂಗಳೂರಿನ ಲೆಕ್ಕಕ್ಕೆ ಫೀ ಜೊತೆ ಹಾಸ್ಟೆಲ್, ಊಟ, ಹಂಪಿ ಎಕ್ಸ್‌ಪ್ರೆಸ್ ಟಿಕೆಟ್ ಎಲ್ಲಾ ಸೇರಿಸಿ ನಾಲ್ಕು ವರ್ಷದ್ದು ಒಟ್ಟಿಗೆ ಬರೆಯಿರಿ. ಭಾವ ಹಾಗೆ ಬರೆದು ನೋಡಿದ ಮೇಲೆ ಮಾತು ತಾನೇ ಹಗುರವಾಯಿತು.

ಆಪ್ಷನ್ ಎಂಟ್ರಿಯಲ್ಲಿ ಕ್ರಮವೇ ಮುಖ್ಯ. ನಿಮ್ಮ ರ‍್ಯಾಂಕಿಗೆ ಸಿಗುವ ಆಪ್ಷನ್‌ಗಳಲ್ಲಿ ಮೇಲೆ ಬರೆದದ್ದೇ ಸಿಗುತ್ತದೆ. "ಸಿಗಲಿಕ್ಕಿಲ್ಲ" ಅಂತ ಇಷ್ಟದ್ದನ್ನು ಕೆಳಗೆ ತಳ್ಳಬೇಡಿ. ಮೇಲೆ ಬರೆದರೆ ಕಳೆದುಕೊಳ್ಳುವುದು ಏನೂ ಇಲ್ಲ. ಅಕ್ಕನ ಮಗಳು ಮೂರು ಸ್ಟ್ಯಾಟಿಸ್ಟಿಕ್ಸ್ ಪೇಪರ್ ಇದ್ದ ಬೆಂಗಳೂರಿನ ಒಂದು ಸ್ವಾಯತ್ತ ಕಾಲೇಜಿನ ಡೇಟಾ ಸೈನ್ಸ್ ಮೊದಲು ಬರೆದಳು. ಎರಡನೆಯದು ಬಳ್ಳಾರಿಯ ಕಂಪ್ಯೂಟರ್ ಸೈನ್ಸ್. ಆ ಖಾಸಗಿ ವಿಶ್ವವಿದ್ಯಾಲಯ ಕೆಳಗೆ ಹೋಯಿತು. ಸಿಕ್ಕಿದ್ದು ಬಳ್ಳಾರಿ. ಅವಳು ಚಾಯ್ಸ್ 2 ಒತ್ತಿದಳು, ಅಂದರೆ ಈ ಸೀಟು ಇರಲಿ, ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಅದು ಬರಲಿ ಅಂತ. ಸಿಗಲಿಲ್ಲ, ಬಳ್ಳಾರಿಗೇ ಸೇರಿದಳು. ಚಾಯ್ಸ್ 1 ಅಂದರೆ ಒಪ್ಪಿಕೊಂಡು ಸೇರುವುದು. 3 ಅಂದರೆ ಈ ಸೀಟು ಬೇಡ, ಮುಂದಿನ ಸುತ್ತು ಬೇಕು. 4 ಒತ್ತಿದರೆ ಪೂರ್ತಿ ಹೊರಗೆ. ಸೈಬರ್ ಸೆಂಟರ್‌ನವರಿಗೆ ಒತ್ತಲು ಬಿಡಬೇಡಿ, ನೀವೇ ಓದಿ ಒತ್ತಿ.

ಬ್ರಾಂಚಿನ ಕೋಡ್ ಕೂಡ ನೋಡಿಕೊಳ್ಳಿ. ಕೆಇಎ ಪಟ್ಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಜೊತೆಗಿನ ಡೇಟಾ ಸೈನ್ಸ್ ಬೇರೆ, ಎಐ ಮತ್ತು ಡೇಟಾ ಸೈನ್ಸ್ ಬೇರೆ. ಒಂದೇ ಕಾಲೇಜಿನಲ್ಲಿ ಎರಡೂ ಇದ್ದರೆ ಸಿಲಬಸ್ಸೂ ಬೇರೆ ಇರಬಹುದು. ಮೊದಲು ಹಾಳೆಯ ಮೇಲೆ ಕಾಲೇಜ್ ಕೋಡ್, ಬ್ರಾಂಚ್ ಕೋಡ್ ಬರೆದು ಕ್ರಮ ಮಾಡಿಕೊಳ್ಳಿ. ಎಂಟ್ರಿ ಮಾಡಿದ ಮೇಲೆ ಪ್ರಿಂಟ್ ತೆಗೆದು, ಒಬ್ಬರು ಓದಿ ಇನ್ನೊಬ್ಬರು ಹಾಳೆಯಲ್ಲಿ ಟಿಕ್ ಹಾಕುತ್ತಾ ಒಂದೊಂದೇ ಸಾಲು ತಾಳೆ ನೋಡಿ. ಅಣಕು ಹಂಚಿಕೆ (ನಿಜವಾದ ಸೀಟು ಹಂಚಿಕೆಗೆ ಮೊದಲು ತೋರಿಸುವ ಪ್ರಾಯೋಗಿಕ ಫಲಿತಾಂಶ) ಬಂದ ಮೇಲೆ ಕ್ರಮ ಬದಲಿಸಲು ಅವಕಾಶ ಇರುತ್ತದೆ. ಆ ಅವಧಿಯ ಕೊನೆಯ ದಿನಕ್ಕೆ ಬಿಡಬೇಡಿ, ಸರ್ವರ್ ನಿಧಾನ ಆಗುತ್ತದೆ.